ಎದುರು ಸಾಲಿನ ಬೆಂಚು

ಅಂಗಡಿ, ಅಂಗಡಿಯ ಮುಂದೆ ಮೇಜು, ಮೇಜಿನ ಮುಂದೆ ಬುಟ್ಟಿ, ಬುಟ್ಟಿಯ ಮುಂದೆ ಬಾಯಿ ತೆರೆದ ಚರಂಡಿ. ಇನ್ನು ನಡೆಯುವವರು ಎಲ್ಲಿ ನಡೆಯಬೇಕು? ನಡುರಸ್ತೆಯಲ್ಲೇ, ಟ್ರೋಟ್ರೋ ವ್ಯಾನುಗಳ ಹಾರ್ನಿಗೆ ಬೆಚ್ಚಿಬೀಳುತ್ತಾ. ಕುಮಾಸಿ ನಗರದ ನಮ್ಮ ಬಟ್ಟೆ ಬೀದಿ ಎರಡೂ ಕಡೆ ಹೀಗೇ ಇತ್ತು. ಆಮೇಲೆ ಎದುರು ಸಾಲು ಬದಲಾಯಿತು, ನಮ್ಮ ಸಾಲು ಬದಲಾಗಲಿಲ್ಲ. ಸಂಕಟ ಶುರುವಾದದ್ದೇ ಅಲ್ಲಿಂದ.

ನನ್ನ ಹೆಸರು ಅಡೋಮಾ. ಗುಂಡಿ, ದಾರ, ಜಿಪ್ ಮಾರುತ್ತೇನೆ. ನನ್ನ ಪಕ್ಕದ ಅಂಗಡಿ ಪೊಕುವಾಳದು. ಸಾವಿನ ಮನೆಯವರು ಉಡುವ ಕಪ್ಪು-ಕೆಂಪು ಬಟ್ಟೆ ಅವಳ ವ್ಯಾಪಾರ. ಅಂಗಡಿಯ ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ‘ಹೊಟ್ಟೆಕಿಚ್ಚು ಪಡಬೇಡಿ ವಸ್ತ್ರ ಮಳಿಗೆ’ ಎಂದು ಬರೆಸಿದ್ದಾಳೆ. ಬೀದಿಯವರೆಲ್ಲ ಅದನ್ನು ಓದಿ, ಅವಳ ಮುಖ ನೋಡಿ, ನಕ್ಕು ಮುಂದೆ ಹೋಗುತ್ತಾರೆ. ಏಕೆಂದರೆ ಹೊಟ್ಟೆಕಿಚ್ಚಿನಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿಲ್ಲ. ರಸ್ತೆಯ ಆಚೆ, ಅವಳಿಗೆ ಸರಿ ಎದುರಿಗೆ, ಬಿರಾಗೋಳ ಅಂಗಡಿ. ಅವಳದೂ ಅದೇ ಕಪ್ಪು-ಕೆಂಪು. ಹುಡುಗಿಯರಾಗಿದ್ದಾಗ ಇಬ್ಬರೂ ಒಬ್ಬಳೇ ಯಜಮಾನಿಯ ಕೈಕೆಳಗೆ ವ್ಯಾಪಾರ ಕಲಿತವರು. ಯಜಮಾನಿ ಯಾರನ್ನು ಹೆಚ್ಚು ಹೊಗಳುತ್ತಿದ್ದಳು ಎಂಬ ಜಗಳ ಇನ್ನೂ ಮುಗಿದಿಲ್ಲ.

ನಾಲ್ಕು ಮಳೆಗಾಲದ ಹಿಂದೆ ನಗರಸಭೆಯವರು ವ್ಯಾಪಾರಿಗಳ ಸಭೆ ಕರೆದರು. ನಮ್ಮ ಸಾಲಿನ ಪರವಾಗಿ ನಾನು ಹೋಗಿದ್ದೆ. ಒಂದು ಸಾಲಿನ ಎಲ್ಲ ಅಂಗಡಿಯವರೂ ಒಪ್ಪಿ ಮೇಜುಗಳನ್ನು ಒಳಗೆ ಎಳೆದುಕೊಂಡರೆ ಸಾಕು, ಚರಂಡಿಗೆ ಚಪ್ಪಡಿ ಮುಚ್ಚಿಸಿ, ನಡೆಯಲು ದಾರಿ ಮಾಡಿ, ಮರ ನೆಟ್ಟು ಬೆಂಚು ಹಾಕಿಸುತ್ತೇವೆ ಎಂದರು. ಎದುರು ಸಾಲಿನವರು ಒಪ್ಪಿದರು. ನಮ್ಮ ಸಾಲಿನಲ್ಲಿ ಪೊಕುವಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನನ್ನ ಅಂಗಡಿ ಮುಂದಿನ ಜಾಗ ನನ್ದು,” ಎಂದಳು.

“ನಿನ್ದಲ್ಲ ಕಣೆ, ಬೀದೀದು.”

“ಬೀದಿ ಬಂದು ನನ್ನ ಬಾಡಿಗೆ ಕಟ್ಟುತ್ತಾ? ಮೇಜು ಒಳಗೆ ಎಳ್ಕೊಂಡ್ರೆ ನನ್ನ ಬಟ್ಟೆ ಯಾರ ಕಣ್ಣಿಗೆ ಬೀಳುತ್ತೆ? ಮರ ನೆಟ್ರೆ ಬೋರ್ಡು ಮುಚ್ಚಿಹೋಗುತ್ತೆ. ಬೆಂಚು ಹಾಕಿದ್ರೆ ಊರಿನ ಸೋಮಾರಿಗಳೆಲ್ಲ ಬಂದು ಮಲಗ್ತಾರೆ.”

“ಎಲ್ರೂ ಒಟ್ಟಿಗೆ ಹಿಂದೆ ಸರಿದ್ರೆ ಎಲ್ರ ಅಂಗಡಿನೂ ಕಾಣುತ್ತೆ ಪೊಕುವಾ. ಈಗ ನೋಡು, ನಿನ್ನ ಮೇಜು ನನ್ನ ಬಾಗಿಲು ಮುಚ್ಚಿದೆ. ನನ್ನ ಮೇಜು ಆ ಕಡೆಯವನ ಬಾಗಿಲು ಮುಚ್ಚಿದೆ. ಮರದ ಕೆಳಗಿನ ಕೊಂಬೆ ಕಡಿಸಿದ್ರೆ ಬೋರ್ಡೂ ಕಾಣುತ್ತೆ.”

“ನೀನು ಗುಂಡಿ ಮಾರೋಳು. ನಿನ್ನ ಸರಕೆಲ್ಲ ಒಂದು ಅಂಗೈಯಲ್ಲಿ ಹಿಡಿಯುತ್ತೆ. ನನಗೆ ಬುದ್ಧಿ ಹೇಳೋಕೆ ಬರ್ಬೇಡ.”

ಅವಳು ಒಪ್ಪಲಿಲ್ಲ. ಅವಳನ್ನು ನೋಡಿ ಇನ್ನೂ ನಾಲ್ಕಾರು ಜನ ಒಪ್ಪಲಿಲ್ಲ. ನಮ್ಮ ಸಾಲಿನ ಕೆಲಸ ಅಲ್ಲಿಗೇ ನಿಂತಿತು.

ಎದುರು ಸಾಲಿನಲ್ಲಿ ಬೆಂಚುಗಳು ಬಂದವು, ಬಾದಾಮಿ ಗಿಡಗಳು ಬಂದವು, ನೋಡನೋಡುತ್ತಿದ್ದಂತೆ ನೆರಳೂ ಬಂತು. ಹುರಿದ ಬಾಳೆಹಣ್ಣು ಮಾರುವ ಹೆಂಗಸನ್ನು ಅವರು ಓಡಿಸಲಿಲ್ಲ, ಮರದ ಪಕ್ಕ ಅವಳಿಗೂ ಒಂದು ಜಾಗ ಗುರುತು ಮಾಡಿಕೊಟ್ಟರು. ತಲೆಹೊರೆಯವರು ಹೊರೆ ಇಳಿಸಿ ಉಸಿರು ಬಿಡುತ್ತಿದ್ದದ್ದು ಅಲ್ಲೇ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು ಅಲ್ಲೇ ಕೂತು ಹಾಲುಣಿಸುತ್ತಿದ್ದರು. ಕೂತವರು ಸುಮ್ಮನೆ ಇರುತ್ತಾರೆಯೇ? ಕಣ್ಣ ಮುಂದೆ ಅಂಗಡಿ ಇದ್ದರೆ ಒಳಗೆ ಹೋಗುತ್ತಾರೆ, ಮುಟ್ಟುತ್ತಾರೆ, ಕೊಳ್ಳುತ್ತಾರೆ.

ನನಗೆ ಉರಿಯಲಿಲ್ಲ ಎಂದರೆ ಸುಳ್ಳು. ನನ್ನ ಟೈಲರ್ ಗಿರಾಕಿಗಳೂ ನೆರಳಿದ್ದ ಕಡೆಯೇ ದಾರ ಕೊಳ್ಳತೊಡಗಿದ್ದರು. ಆದರೆ ನನ್ನ ಉರಿ ಹೊಟ್ಟೆತುಂಬ ಉಂಡರೆ ಆರುತ್ತದೆ. ಪೊಕುವಾಳ ಉರಿ ಉಣ್ಣುವುದಕ್ಕೇ ಬಿಡುತ್ತಿರಲಿಲ್ಲ.

“ನೋಡು, ಮತ್ತೊಂದು ಕುಟುಂಬ ಹೋಯ್ತು ಆ ಕಡೆ! ಬಿರಾಗೋ ಯಾರಿಗೆ ಲಂಚ ಕೊಟ್ಟು ಬೆಂಚು ಹಾಕಿಸ್ಕೊಂಡ್ಲೋ! ಸರಿಯಾಗಿ ಅವಳ ಬಾಗಿಲಿಗೇ ಬೇಕಿತ್ತಾ ಆ ಮರ?”

“ನಿನ್ನ ಬಾಗಿಲಿಗೂ ಕೊಡ್ತೀವಿ ಅಂದಿದ್ರಲ್ಲ, ನೀನೇ ಬೇಡ ಅಂದೆ.”

“ನೀನು ಯಾರ ಕಡೆ?”

ಮೊದಲು ಅವಳು ಪ್ರಾರ್ಥನೆ ಮಾಡಿಸಿದ ಎಣ್ಣೆ ತಂದು ಹೊಸ್ತಿಲಿಗೆಲ್ಲ ಸವರಿದಳು. ಅವಳೇ ಜಾರಿ ಬಿದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆಮೇಲೆ ಮೇಜನ್ನು ಇನ್ನಷ್ಟು ಮುಂದಕ್ಕೆ ತಳ್ಳಿ, ಚರಂಡಿಯ ಹಲಗೆಯ ಮೇಲೆ ಬಟ್ಟೆ ಉಡಿಸಿದ ಬೊಂಬೆ ನಿಲ್ಲಿಸಿದಳು. ಹಾದುಹೋದ ಟ್ರೋಟ್ರೋ ಒಂದು ಬೊಂಬೆಯ ತೋಳನ್ನು ಕಿತ್ತುಕೊಂಡೇ ಹೋಯಿತು. ಕೊನೆಗೆ ಅವಳಿಗೆ ಹೊಳೆದ ಉಪಾಯ ಕೇಳಿ. ಬಿರಾಗೋಳಿಗೆ ಬೆಂಚಿದ್ದರೆ ನನಗೆ ಕುರ್ಚಿ, ಅವಳಿಗೆ ಮರವಿದ್ದರೆ ನನಗೆ ಶಾಮಿಯಾನ ಎಂದುಕೊಂಡು ಬಾಡಿಗೆಗೆ ಎರಡನ್ನೂ ತರಿಸಿದಳು. ಅರ್ಧ ರಸ್ತೆಯವರೆಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮೇಲೆ ಶಾಮಿಯಾನ, ಸುತ್ತ ತೂಗುಹಾಕಿದ ಕಪ್ಪು-ಕೆಂಪು ಬಟ್ಟೆ. ನಮ್ಮ ಊರಲ್ಲಿ ಇದನ್ನು ಕಂಡವರು ಏನೆಂದುಕೊಳ್ಳುತ್ತಾರೆ? ಸಾವಿನ ಮನೆ ಎಂದೇ! ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಗಂಭೀರವಾಗಿ ಒಳಬಂದು, ಪದ್ಧತಿಯಂತೆ ಬಲಗಡೆಯಿಂದ ಶುರುಮಾಡಿ, ಕೂತಿದ್ದ ಗಿರಾಕಿಗಳ ಕೈ ಕುಲುಕುತ್ತಾ ಪೊಕುವಾಳ ತನಕ ಬಂದರು.

“ಸಮಾಧಾನ ಮಾಡ್ಕೊಳ್ಳಿ ತಾಯಿ. ಯಾರು ಹೋಗಿದ್ದು?”

“ಯಾರೂ ಹೋಗಿಲ್ಲ ಸ್ವಾಮಿ! ಬಟ್ಟೆ ನೋಡಿ, ಬಟ್ಟೆ!”

“ದುಃಖದಲ್ಲಿ ಹೀಗೇ ಆಗೋದು,” ಎಂದು ಅವರು ತಲೆಯಾಡಿಸಿ, ಅವಳ ಮುಷ್ಟಿಯಲ್ಲಿ ಸಾವಿನ ಮನೆಗೆ ಕೊಡುವ ಮುಯ್ಯಿಯ ನೋಟು ತುರುಕಿ ಹೋದರು. ರಸ್ತೆಯಾಚೆ ಬಿರಾಗೋ ಮರ ಹಿಡಿದುಕೊಂಡು ನಗುತ್ತಿದ್ದಳು. ಕುರ್ಚಿಗಳು ಅಂದೇ ಮಧ್ಯಾಹ್ನ ವಾಪಸ್ಸು ಹೋದವು.

ನಗು ಮರೆಯುವ ಮೊದಲೇ ಪೊಕುವಾಳ ಮನೆಯಲ್ಲಿ ನಿಜವಾದ ಸಾವಾಯಿತು. ಹೋದವನು ಅವಳ ಸೋದರಮಾವ ಆಂಟ್ವಿ. ಅವಳನ್ನು ಓದಿಸಿದವನು, ಅಂಗಡಿ ಹಾಕಿಕೊಟ್ಟವನು ಅವನೇ. ಅಂದು ಅವಳು ಅಂಗಡಿಯ ಮೂಲೆಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು.

“ಮಾವನಿಗೋಸ್ಕರ ಅಳೋರ ಮೈಮೇಲೆಲ್ಲ ನನ್ನ ಅಂಗಡಿ ಬಟ್ಟೇನೇ ಇರ್ಬೇಕು ಅಡೋಮಾ. ಅದು ಬಿಟ್ರೆ ಅವನ ಋಣ ತೀರಿಸೋಕೆ ನನಗೆ ಬೇರೆ ದಾರಿ ಇಲ್ಲ.”

ನನಗೂ ಕಣ್ಣು ತುಂಬಿತು. ನಮ್ಮಲ್ಲಿ ಅಂತ್ಯಕ್ರಿಯೆ ನಡೆಯುವುದು ವಾರಗಳ ಮೇಲೆ. ಅಂದು ಕುಲದವರೆಲ್ಲ ಒಂದೇ ಬಟ್ಟೆ ಉಡಬೇಕು, ಆ ಬಟ್ಟೆಯನ್ನು ಹಿರಿಯರು ಒಟ್ಟಾಗಿ ಕೂತು ಆರಿಸಬೇಕು. ದೊಡ್ಡ ಹೂವು ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ. ಕೆಂಪು ಹೆಚ್ಚಾಯಿತು ಎಂದು ಒಬ್ಬರು ಮುನಿಸಿಕೊಳ್ಳುತ್ತಾರೆ, ಅವರನ್ನು ಓಲೈಸಬೇಕು. ಇದೆಲ್ಲ ನಿಂತುಕೊಂಡು ಆಗುವ ಕೆಲಸವಲ್ಲ.

ಹಿರಿಯರು ಬಂದರು. ಮುಂದೆ ನಾನಾ ಸೆರ್ವಾ. ‘ನಾನಾ’ ಎಂದರೆ ನಮ್ಮಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ಪೊಕುವಾಳ ತಾಯಿಯ ಅಕ್ಕ ಆಕೆ, ಕುಲದ ಹಿರಿ ಹೆಂಗಸು. ಮಂಡಿನೋವು, ಕೈಯಲ್ಲಿ ಕೋಲು. ನಮ್ಮ ಸಾಲಿನ ಮೇಜು-ಬುಟ್ಟಿಗಳ ನಡುವೆ ದಾರಿ ಸಿಗದೆ ರಸ್ತೆಯಲ್ಲೇ ನಡೆದುಬಂದಿದ್ದರು. ಪೊಕುವಾಳ ಅಂಗಡಿಗೆ ಬರಲು ಚರಂಡಿಯ ಮೇಲೆ ಒಂದು ಹಲಗೆ. ನಾನಾ ಅದರ ಮೇಲೆ ಕೋಲೂರಿದಳು, ಹಲಗೆ ಅಲುಗಾಡಿತು. ಹಿಂದಿನಿಂದ ಟ್ರೋಟ್ರೋ ಹಾರ್ನು ಹೊಡೆಯಿತು.

“ಕೈ ಕೊಡಿ ನಾನಾ, ನಾನು ಎತ್ಕೊಳ್ತೀನಿ,” ಎಂದಳು ಪೊಕುವಾ.

“ನಾನು ಬಟ್ಟೆ ಆರಿಸೋಕೆ ಬಂದಿದೀನಿ ಕಣೆ, ಸರ್ಕಸ್ಸಿಗಲ್ಲ. ಈ ಹಲಗೆ ಹತ್ತಿದ್ರೆ ಇನ್ನೊಂದು ಹೆಣಕ್ಕೂ ಬಟ್ಟೆ ಆರಿಸ್ಬೇಕಾಗುತ್ತೆ.”

ಆಕೆ ಸುತ್ತ ನೋಡಿದಳು. ರಸ್ತೆಯಾಚೆ ನೆರಳು ಕಂಡಿತು, ಬೆಂಚು ಕಂಡಿತು. ಮೆಲ್ಲಗೆ ದಾಟಿ ಹೋಗಿ ಕೂತಳು. ಹಿರಿಯರೆಲ್ಲ ಹಿಂದೆಯೇ ಹೋಗಿ ಕೂತರು.

“ಸುಧಾರಿಸ್ಕೊಳ್ಳಲಿ, ನಾನೇ ಬಟ್ಟೆ ಅಲ್ಲಿಗೆ ಒಯ್ತೀನಿ,” ಎಂದು ಪೊಕುವಾ ಒಳಗೆ ಓಡಿದಳು. ಅವಳ ಒಳ್ಳೆಯ ಬಟ್ಟೆಯೆಲ್ಲ ಹಿಂದಿನ ಅಟ್ಟದಲ್ಲಿತ್ತು. ಅವಳು ಇಳಿಸುವಷ್ಟರಲ್ಲಿ ಬಿರಾಗೋ ಹೊರಬಂದಳು, ಹಿರಿಯರಿಗೆ ತಣ್ಣೀರು ಕೊಟ್ಟಳು, ಕುಡಿಯುವ ತನಕ ಕಾದಳು, ಆಮೇಲೆ ಬಂದ ಕಾರಣ ಕೇಳಿದಳು. ಮನೆಗೆ ಬಂದವರನ್ನು ನಮ್ಮಲ್ಲಿ ಉಪಚರಿಸುವುದೇ ಹೀಗೆ. ಬಾಗಿಲಿಗೆ ಬಂದ ಪೊಕುವಾ ಇದನ್ನು ಕಂಡಳು. ಹೊಟ್ಟೆಕಿಚ್ಚು ಎಷ್ಟೋ ಬಗೆ ಇರಬಹುದು, ಆ ಹೊತ್ತು ಅವಳ ಮುಖದಲ್ಲಿ ಕಂಡಂಥದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

“ಸತ್ತಿದ್ದು ನನ್ನ ಮಾವ! ನೀರು ಕೊಡೋಕೆ ಅವಳ್ಯಾರು?”

ಮತ್ತೆ ಒಳಗೆ ಹೋಗಿ ಅಟ್ಟದಲ್ಲಿ ಉಳಿದದ್ದನ್ನೂ ಇಳಿಸಿಕೊಂಡು, ತೋಳು ತುಂಬ ಬಟ್ಟೆ ಹೊತ್ತು, ಕಣ್ಣೀರಿನಲ್ಲಿ ದಾರಿ ಕಾಣದೆ ಅವಳು ರಸ್ತೆ ದಾಟಿದಳು. ನಾನು ವ್ಯಾನುಗಳಿಗೆ ಕೈ ಅಡ್ಡ ಹಿಡಿದು ಜೊತೆಗೆ ಹೋದೆ. ಹೋಗುವಷ್ಟರಲ್ಲಿ ಬಿರಾಗೋಳ ಬಟ್ಟೆಯೊಂದು ನಾನಾಳ ಮಡಿಲಲ್ಲಿತ್ತು. ಹಿರಿಯರು ಜಗಳವಾಡಿ, ಮುನಿಸಿಕೊಂಡು, ಒಪ್ಪಿ ಆಗಿತ್ತು. ಒಪ್ಪಿದ್ದನ್ನು ಮುರಿಯುವಂತಿಲ್ಲ.

“ನಾನಾ, ನನ್ನ ಬಟ್ಟೆ ನೋಡಲೇ ಇಲ್ವಲ್ಲ!”

“ಈಕೆ ನಮ್ಮನ್ನ ಕೂರಿಸಿದ್ಲು, ನೀರು ಕೊಟ್ಲು, ಆಮೇಲೆ ಬಂದ ಕಾರಣ ಕೇಳಿದ್ಲು. ಮನೇಲಿ ನೀನೂ ಹಾಗೇ ಮಾಡ್ತೀಯ. ಅಂಗಡೀಲಿ ಯಾಕೆ ಮಾಡಲ್ಲ?”

“ಕೂರಿಸೋಕೆ ಜಾಗ ಎಲ್ಲಿದೆ ನಾನಾ?”

“ನಾನೂ ಅದನ್ನೇ ಕೇಳ್ತಿರೋದು ಮಗಳೇ.”

ಬಿರಾಗೋ ಒಂದು ತುಂಡು ಮಡಚಿ ಪೊಕುವಾಳ ಕೈಯಲ್ಲಿಟ್ಟಳು. “ತಗೋ. ನಾನು ನಗ್ತಿಲ್ಲ,” ಎಂದಳು. ನಿಜಕ್ಕೂ ನಗುತ್ತಿರಲಿಲ್ಲ.

ಅಂತ್ಯಕ್ರಿಯೆಯ ದಿನ ಪೊಕುವಾ ಆ ಬಟ್ಟೆಯನ್ನೇ ಉಟ್ಟಳು. ಬಂದವರೆಲ್ಲ, “ಎಷ್ಟು ಚೆನ್ನಾಗಿದೆ ಬಟ್ಟೆ! ನಿನ್ನ ಅಂಗಡೀದಾ?” ಎಂದು ಕೇಳುತ್ತಿದ್ದರು. ಅವಳು ಪ್ರತಿಯೊಬ್ಬರಿಗೂ “ಅಲ್ಲ” ಎನ್ನಬೇಕಾಯಿತು.

ಮುಂದಿನ ಸೋಮವಾರ ಅವಳು ನನ್ನ ಅಂಗಡಿಗೆ ಬಂದಳು. “ಮೇಜು ಹಿಂದೆ ಸರಿಸೋಕೆ ಗೆರೆ ಎಲ್ಲಿ ಎಳೀಬೇಕು ಹೇಳು,” ಎಂದಳು.

ತಲೆಹೊರೆ ಹೊತ್ತ ಇಬ್ಬರು ಹೆಂಗಸರು ಎದುರುಬದುರಾಗಿ ತಾಗದೆ ಹಾದುಹೋಗುವಷ್ಟು ದಾರಿ ಬಿಡಬೇಕು ಎಂದೆ. ಚರಂಡಿಗೆ ಚಪ್ಪಡಿ ಬೇಕು, ಆದರೆ ಕಸ ತೆಗೆಯಲು ಅದನ್ನು ಎತ್ತುವಂತಿರಬೇಕು. ಅಂಗಡಿಗೆ ಮೆಟ್ಟಿಲಿನ ಬದಲು ಇಳಿಜಾರು ಮಾಡಿದರೆ ಕೋಲಿನವರೂ ಗಾಲಿಕುರ್ಚಿಯವರೂ ಬರುತ್ತಾರೆ. ಅವಳು ಪೂರ್ತಿ ಕೇಳಿಸಿಕೊಂಡು, ಹೋಗಿ ತನ್ನ ಮೇಜನ್ನು ಒಳಗೆಳೆದಳು. ಅಕ್ಕಪಕ್ಕದ ಮೇಜುಗಳ ನಡುವೆ ಅವಳ ಅಂಗಡಿ ಕಾಣದೇ ಹೋಯಿತು.

“ನೋಡಿದ್ಯಾ? ನಾನು ಹೇಳಿರ್ಲಿಲ್ವಾ?”

“ಒಬ್ಬಳೇ ಸರಿದ್ರೆ ಹಾಗೇ ಆಗೋದು. ಎಲ್ರನ್ನೂ ಸರಿಸು.”

ಅವಳು ಅಂಗಡಿ ಅಂಗಡಿ ಸುತ್ತಿದಳು. ಬುದ್ಧಿಗೆ ಒಪ್ಪಿದವರು ಕೆಲವರು, ಅವಳ ಬಾಯಿಗೆ ಹೆದರಿ ಒಪ್ಪಿದವರು ಹಲವರು. ಮೂಲೆಯ ರೇಡಿಯೋ ರಿಪೇರಿಯವನು, “ನನ್ನ ಮುಂದಿನ ಜಾಗ ನನ್ದು,” ಎಂದ. “ನಿನ್ದಲ್ಲ ಕಣಯ್ಯ, ಬೀದೀದು!” ಎಂದು ಅವಳು ಗುಡುಗಿದಳು. ಮಾತು ನನ್ನದು, ಹೇಳಿದ್ದು ಮಾತ್ರ ಅವಳೇ ಕಂಡುಹಿಡಿದಂತೆ. ಎಲ್ಲರೂ ಸೇರಿ ನಗರಸಭೆಗೆ ಹೋದೆವು. ಅಲ್ಲಿ ಅವಳದೊಂದು ಹಟ: “ಎದುರಿನವರ ಬೆಂಚಿಗೆ ಒರಗು ಇಲ್ಲ. ನಮಗೆ ಒರಗಿರೋ ಬೆಂಚೇ ಬೇಕು.”

ಕೆಲಸ ಮುಗಿದ ದಿನ ಬಿರಾಗೋ ರಸ್ತೆ ದಾಟಿ ಬಂದು ಬೆಂಚನ್ನು ಹಿಂದೆ ಮುಂದೆ ನೋಡಿದಳು. “ಇವರಿಗೆ ಒರಗು ಬೇರೆ! ಯಾರಿಗೆ ಲಂಚ ಕೊಟ್ರೋ!” ಎಂದಳು. ಆ ಮಾತು ಕೇಳಿ ಪೊಕುವಾ ಅಂದು ಹೊಟ್ಟೆತುಂಬ ಉಂಡಳು.

ಅವಳ ಬಾಗಿಲ ಗಿಡ ಇನ್ನೂ ಮೊಣಕಾಲೆತ್ತರ. ದಿನಾ ನೀರು ಹಾಕಿ, ಎದುರಿನ ಮರ ನೋಡಿ, ಗಿಡಕ್ಕೆ ಬೈಯುತ್ತಾಳೆ. ಮೊನ್ನೆ ನಾನಾ ಸೆರ್ವಾ ಕೋಲೂರಿಕೊಂಡು ಬಂದಳು. ಇಳಿಜಾರಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಹತ್ತಿ, ಬೆಂಚಿನಲ್ಲಿ ಒರಗಿ ಕೂತಳು. ಪೊಕುವಾ ಓಡಿಹೋಗಿ ನೀರು ತಂದು, ಆಕೆ ಕುಡಿಯುವ ತನಕ ಕಾದಳು.

“ಬಂದ ಕಾರಣ ಹೇಳಿ ನಾನಾ.”

“ಕಾರಣ ಏನಿಲ್ಲ,” ಎಂದಳು ಆಕೆ. “ಕೂರೋಕೆ ಬಂದೆ.”

ಪೊಕುವಾ ಮುಖ ಆಚೆ ತಿರುಗಿಸಿದಳು. ಅಳುತ್ತಿದ್ದಳು. ಎದುರು ಸಾಲಿನಿಂದ ಬಿರಾಗೋ ನೋಡುತ್ತಲೇ ಇದ್ದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪೇಟೆಯ ಬೀದಿಗೆ ಒಮ್ಮೆ ಕೋಲು ಹಿಡಿದವರ ಕಾಲಿನಲ್ಲಿ ಹೋಗಿ ನೋಡಿ. ಅವರು ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು? ಎದುರು ಬೀದಿ ಚೆನ್ನಾಗಿದ್ದರೆ ಹೊಟ್ಟೆಕಿಚ್ಚು ಪಡಿ, ತಪ್ಪಿಲ್ಲ. ಪಟ್ಟುಕೊಂಡು ಸುಮ್ಮನೆ ಕೂರಬೇಡಿ, ಅಷ್ಟೇ. ನಿಮ್ಮ ಸಾಲಿನವರನ್ನೆಲ್ಲ ಸೇರಿಸಿ, ಒಂದೇ ಗೆರೆ ಎಳೆದು, ಒಂದೇ ದಿನ ಮೇಜುಗಳನ್ನು ಹಿಂದೆ ಸರಿಸಿ, ಒಟ್ಟಾಗಿ ನಗರಸಭೆಯ ಬಾಗಿಲು ತಟ್ಟಿ. ನಿಮ್ಮ ಬೀದಿಗೆ ಬಂದವರಿಗೆ ಮೊದಲು ಕೂರಲು ಜಾಗ ಕೊಡಿ. ಬಂದ ಕಾರಣ ಆಮೇಲೆ ಕೇಳಿ.