ಏಳನೆಯ ಪ್ರಶ್ನೆ

ವಿಭಾಗದ ಮುಖ್ಯಸ್ಥೆ ಸಭಾಂಗಣದ ಮೆಟ್ಟಿಲ ಮೇಲೆ ನಿಂತೇ ಭಾಷಣದ ಒಂದು ಸಾಲನ್ನು ಹೊಡೆದುಹಾಕಿದಳು, ಮತ್ತೆ ಅದನ್ನೇ ಮೇಲೆ ಬರೆದಳು. ಒಳಗೆ, ಅವಳಿಗೆ ಮನಶ್ಶಾಸ್ತ್ರ ಕಲಿಸಿದ ಮೇಡಂ ಬಿಳಿ ಹೊದಿಕೆಯಡಿ ಮಲಗಿದ್ದರು. ಶವದ ಗಾಡಿ ಬರುವುದರೊಳಗೆ ಅವರ ಸಾಧನೆ ಓದಿ ಹೇಳುವ ಕೆಲಸ ಇವಳ ತಲೆಗೆ ಬಿದ್ದಿತ್ತು. ಪ್ರಬಂಧಗಳು ನಲವತ್ತೊಂದು. ಬೇರೆ ಸಂಶೋಧಕರು ಅವನ್ನು ಉಲ್ಲೇಖಿಸಿದ್ದು ಮೂರು ಸಾವಿರದ ಇನ್ನೂರು ಸಲ. ಅದರಲ್ಲಿ ಎರಡು ಸಾವಿರಕ್ಕೂ ಮೇಲೆ ಒಂದೇ ಪ್ರಬಂಧಕ್ಕೆ ಸೇರಿದ್ದು, ಆ ಪ್ರಬಂಧವೇ ತಪ್ಪು.

ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನಿವೃತ್ತ ಸಹೋದ್ಯೋಗಿಯೊಬ್ಬರು ಬಳಿ ಬಂದು, ಒಟ್ಟು ಸಂಖ್ಯೆ ಹೇಳಿ ಮುಗಿಸಿಬಿಡು ಎಂದರು. "ಸತ್ತವರ ತಪ್ಪನ್ನ ಇವತ್ತು ಯಾಕೆ ಕೆದಕಬೇಕು?"

ಅವಳು ಪೆನ್ನಿನ ಮುಚ್ಚಳ ಹಾಕಿ ಒಳಗೆ ಹೋದಳು.

* * *

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಆ ಪ್ರಬಂಧಕ್ಕೆಂದು ನೆಮ್ಮದಿ ಅಳೆದ ಪ್ರಶ್ನಾವಳಿಯಲ್ಲಿ ಹದಿನೈದು ಪ್ರಶ್ನೆ. ಏಳನೆಯದರಿಂದ ಹಿಡಿದು ಎಲ್ಲ ಉಲ್ಟಾ: "ನನಗೆ ಯಾರೂ ಇಲ್ಲ ಅನ್ನಿಸುತ್ತದೆ" ಎಂಬಂಥವು. ಅಲ್ಲಿ ಹೌದು ಎಂದವರಿಗೆ ಐದರ ಬದಲು ಒಂದು ಅಂಕ ಕೊಡಬೇಕಿತ್ತು. ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಇವಳು ಹೌದು ಎಂದಿದ್ದಕ್ಕೆಲ್ಲ ಐದೇ ತುಂಬಿದಳು. ಒಂಟಿ ಜನರೇ ಹೆಚ್ಚು ಸುಖಿಗಳು ಎಂದು ಫಲಿತಾಂಶ ಬಂತು, ಪ್ರಬಂಧ ಹೆಸರು ಮಾಡಿತು. ಎರಡು ವರ್ಷದ ಮೇಲೆ ಹಳೆಯ ಹಾಳೆ ತಿರುವುವಾಗ ತಪ್ಪು ಕಣ್ಣಿಗೆ ಬಿದ್ದು, ಅದನ್ನೇ ಹಿಡಿದು ಮೇಡಂ ಬಳಿ ಓಡಿದಳು.

"ಕೆಲಸದ ಆರ್ಡರ್ ಬಂತಲ್ವಾ?" ಎಂದರು ಮೇಡಂ.

"ಬಂತು."

"ಹೋಗಿ ಸೇರ್ಕೋ. ಅಂಕ ತುಂಬಿದ್ದು ನಾನು."

ತಿದ್ದುಪಡಿ ಮೇಡಂ ಒಬ್ಬರ ಹೆಸರಿನಲ್ಲೇ ಅಚ್ಚಾಯಿತು. ಅದನ್ನು ಉಲ್ಲೇಖಿಸಿದವರು ಆರೇ ಜನ. ತಪ್ಪು ಪ್ರಬಂಧವನ್ನು ಓದದೆಯೇ ಉಲ್ಲೇಖಿಸುವವರು ಇವತ್ತಿಗೂ ಇದ್ದಾರೆ. ಮೇಡಂಗೆ ಬಡ್ತಿ ತಪ್ಪಿತು. ಅವರಿಗೆ ಬರಬೇಕಿದ್ದ ಕುರ್ಚಿಗೆ ಕೊನೆಗೆ ಇವಳೇ ಬಂದಳು. ಹೇಳಬೇಕು, ಹೇಳಬೇಕು ಎಂದುಕೊಂಡೇ ಕಾಲ ಕಳೆದಳು, ಪುಕ್ಕಲಿ.

* * *

ಜನರ ಮುಂದೆ ನಿಂತು ಉಲ್ಲೇಖಗಳ ಸಂಖ್ಯೆಯವರೆಗೆ ಓದಿ ಅವಳು ಹಾಳೆ ಮಡಚಿದಳು.

"ಆ ತಪ್ಪು ಪ್ರಬಂಧದ ಅಂಕಗಳನ್ನ ತುಂಬಿದ್ದು ಮೇಡಂ ಅಲ್ಲ. ನಾನು. ಅವರು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ಮನಿದ್ದೆ."

ಮುಂದಿನ ಸಾಲಿನಲ್ಲಿದ್ದ ಮೇಡಂ ಗಂಡ ಮೆಲ್ಲಗೆ ಎದ್ದು ಬಂದರು. ಬೈಗುಳಕ್ಕೆ ಅವಳು ತಯಾರಾಗಿಯೇ ನಿಂತಿದ್ದಳು.

"ನನಗೂ ಹೇಳ್ಲಿಲ್ಲ ಅವಳು," ಎಂದರು. "ಅಂಕ ತಪ್ಪು ತುಂಬಿದವಳು, ಮಾತ್ರೆ ಎಣಿಸೋಕೂ ನಿನಗೆ ಬರಲ್ಲ ಅಂತ ಬಂದವರ ಮುಂದೆಲ್ಲ ಆಡ್ಕೊಂಡು ನಗ್ತಿದ್ದೆ ಕಣಮ್ಮ. ಅವಳೂ ನಗ್ತಿದ್ಲು."

ಗಾಡಿ ಬಂತು. ಜನ ಒಬ್ಬೊಬ್ಬರಾಗಿ ಹೊರಡತೊಡಗಿದಾಗ ಅವರು ಇವಳ ಮಣಿಕಟ್ಟು ಹಿಡಿದು ಬಾಗಿಲಿಗೆ ಕರೆದೊಯ್ದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಸಮಾಧಾನ ಹೇಳಲು ಕೈ ಚಾಚಿದ ಪ್ರತಿಯೊಬ್ಬರಿಗೂ, ಆಗಲೇ ಒಳಗೆ ಕೇಳಿಸಿಕೊಂಡವರಿಗೂ, ಒಂದೇ ಮಾತು ಹೇಳಿದರು: "ಆ ಅಂಕದ ತಪ್ಪು ನನ್ನ ಹೆಂಡತೀದಲ್ಲ." ಹೇಳಿ ಇವಳತ್ತ ನೋಡುತ್ತಿದ್ದರು.

"ಹೌದು, ನನ್ನದು," ಎನ್ನುತ್ತಿದ್ದಳು ಅವಳು. ಸಾಲು ಇನ್ನೂ ಉದ್ದವಿತ್ತು. ಮುಂದಿನವರು ಕೈ ಚಾಚಿದರು.