ಹೆಬಳೆಯ ಸಂಕದ ಎಣಿಕೆ

೧೯೭೬ರ ನವೆಂಬರಿನಲ್ಲಿ ಏಳು ದಿನ ನಾನು ಹೆಬಳೆಯ ಹಳ್ಳದ ದಡದಲ್ಲಿ ಕೂತು ಜನರನ್ನು ಎಣಿಸಿದೆ. ಹಳ್ಳ ದಾಟಲು ಆಗ ಇದ್ದದ್ದು ಎರಡು ತೆಂಗಿನ ಮರ ಜೋಡಿಸಿದ ಸಂಕ. ನಮ್ಮ ಕೇರಿಯ ಹೆಂಗಸರು ಮೀನಿನ ಬುಟ್ಟಿ ಹೊತ್ತು ಅದರ ಮೇಲೆಯೇ ಭಟ್ಕಳದ ಪೇಟೆಗೆ ಹೋಗಬೇಕು. ಮಳೆಗಾಲದಲ್ಲಿ ಪಾಚಿ ಹಿಡಿದ ಆ ಮರವನ್ನು ಬರಿಗೈಯಲ್ಲಿ ದಾಟುವುದೇ ಕಷ್ಟ. ತಲೆಯ ಮೇಲೆ ಬುಟ್ಟಿ ಇದ್ದರಂತೂ ಕೇಳುವುದೇ ಬೇಡ.

ನಾನು ರಸ್ತೆ ಕೆಲಸದ ಆಫೀಸೊಂದರಲ್ಲಿ ದಿನಗೂಲಿ ಗುಮಾಸ್ತ. ಆ ವರ್ಷ ಒಂದೇ ಒಂದು ಸಿಮೆಂಟಿನ ಸಂಕ ಮಂಜೂರಾಗಿತ್ತು. ನಮ್ಮ ಹಳ್ಳಕ್ಕೋ, ತೋಟದ ಕಡೆಯ ಇನ್ನೊಂದು ಹಳ್ಳಕ್ಕೋ? ಎಲ್ಲಿ ಓಡಾಟ ಹೆಚ್ಚೋ ಅಲ್ಲಿಗೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ದಾಟಿದವರಿಗೆಲ್ಲ ಒಂದೊಂದು ಗೀಟು ಹಾಕಬೇಕು. ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡ.

“ನಿನ್ನದೇ ಊರು ವೆಂಕಟ, ನೀನೇ ಕೂತ್ಕೋ,” ಎಂದರು ಓವರ್ಸಿಯರ್ ಕೃಷ್ಣಾನಂದರು. “ಆದರೆ ಯಾತಕ್ಕೆ ಬರೀತಿದ್ದೀ ಅಂತ ಬಾಯಿ ಬಿಡಬೇಡ. ಜನಕ್ಕೆ ಗೊತ್ತಾದರೆ ಲೆಕ್ಕ ಕೆಟ್ಟು ಹೋಗ್ತದೆ.”

ನನಗೆ ಉಬ್ಬಿ ಹೋಗುವಷ್ಟು ಖುಷಿ. ಊರಿಗೆ ಸಂಕ ತಂದುಕೊಟ್ಟವನು ನಾನೇ ಎಂದು ಮುಂದೆ ಹೇಳಿಕೊಳ್ಳಬಹುದಲ್ಲ! ದಿನಕ್ಕೆ ನೂರೈವತ್ತು ಗೀಟಿಗೆ ಮೋಸವಿಲ್ಲ ಎಂದುಕೊಂಡೇ ರಟ್ಟು, ಪೆನ್ಸಿಲು ಹಿಡಿದು ಕೂತೆ.

ಮೊದಲ ದಿನ ಬಿದ್ದದ್ದು ಒಂಬತ್ತು ಗೀಟು. ಎರಡನೆಯ ದಿನ ಆರು. ಗಂಡಸರು ದೂರದಿಂದಲೇ ನನ್ನನ್ನು ಕಂಡು ನಿಂತು, ಏನೋ ಮರೆತವರ ಹಾಗೆ ವಾಪಸ್ಸು ತಿರುಗಿದರು. ಹೆಂಗಸರು ಬುಟ್ಟಿ ಸಮೇತ ಗದ್ದೆಗೆ ಇಳಿದು, ಕೆಳಗೆ ಸಮುದ್ರದ ಹತ್ತಿರ ಮೊಣಕಾಲುದ್ದದ ನೀರಿನಲ್ಲಿ ಹಳ್ಳ ದಾಟಿದರು. ಒಂದು ಮೈಲಿಯ ಸುತ್ತು ಅದು. ನನ್ನ ಕಣ್ಣೆದುರಿಗೇ ಸಾಲಾಗಿ ಹೋಗುತ್ತಿದ್ದರು, ಆದರೆ ಸಂಕದ ಮೇಲೆ ಕಾಲಿಡದವರನ್ನು ಬರೆಯುವ ಹಾಗಿಲ್ಲ.

ಯಾಕೆಂದು ಗೊತ್ತಾಗಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ಅದು ತುರ್ತು ಪರಿಸ್ಥಿತಿಯ ಕಾಲ. ಮಕ್ಕಳಾಗದ ಆಪರೇಷನ್ನಿಗೆ ಜನ ಕರೆತರದಿದ್ದರೆ ಕೆಲಸ ಹೋಗುತ್ತದೆ ಎಂದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ನಡುಕ. ಸೆಪ್ಟೆಂಬರಿನಲ್ಲಿ ನಾನೂ ಒಬ್ಬನನ್ನು ಒಪ್ಪಿಸಿದ್ದೆ. ಹೊರಗಿನವನಲ್ಲ, ನನ್ನ ದೊಡ್ಡಪ್ಪನ ಮಗ ಶನಿಯಾರಣ್ಣ, ಮೂರು ಮಕ್ಕಳ ತಂದೆ. ಬರೀ ತಪಾಸಣೆ ಎಂದು ನಂಬಿಸಿ ಜೀಪು ಹತ್ತಿಸಿದವನು ನಾನೇ. ಗಾಯ ಕೀವಾಗಿ ಅವನು ಎರಡು ತಿಂಗಳು ದೋಣಿ ಹತ್ತಲಿಲ್ಲ. ಈಗ ಅದೇ ನಾನು ಪೆನ್ಸಿಲು ಹಿಡಿದು ದಾರಿ ಕಾಯುತ್ತಿದ್ದೇನೆ. ಯಾರ ಮನೆಯಲ್ಲಿ ಎಷ್ಟು ಮಕ್ಕಳು ಎಂದು ನನಗೆ ಬಾಯಿಪಾಠ. ಯಾರು ತಾನೇ ಹತ್ತಿರ ಬಂದಾರು?

ತಪ್ಪದೆ ಬಂದವಳು ಒಬ್ಬಳೇ, ಶನಿಯಾರಣ್ಣನ ಹೆಂಡತಿ ನಾಗತ್ತಿಗೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೂರನೆಯ ದಿನ ತಡೆಯಲಾರದೆ ಕೇಳಿದೆ.

“ನಿಂಗೆ ಹೆದ್ರಿಕೆ ಇಲ್ವಾ ಅತ್ತಿಗೆ?”

“ಎಂತಕೆ ಹೆದರೂದು? ನಮ್ಮನೇದು ನೀನೇ ಮುಗ್ಸಿ ಆತಲ.”

ಸಿಟ್ಟಿನಿಂದ ಹೇಳಿದ್ದರೆ ಸಹಿಸಬಹುದಿತ್ತು. ಮಳೆ ನಿಂತಿತು ಎನ್ನುವಷ್ಟು ಸಾದಾ ಆಗಿ ಹೇಳಿದಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ನೋಡಿದಳು.

“ದಿನಾ ಎಂತ ಬರೆಯೂದು ನೀನು?”

“ಆಫೀಸಿನ ಕೆಲ್ಸ. ಹೇಳುಕಾಗ.”

“ಆತು,” ಎಂದು ಸಂಕ ದಾಟಿದಳು. ನಾನು ಗೀಟು ಹಾಕಿದೆ.

ನಾಲ್ಕನೆಯ ದಿನ ಸಂಜೆ ಓವರ್ಸಿಯರರ ಮನೆಗೇ ಹೋದೆ. “ಜನ ಬೇರೆ ಕಡೆಯಿಂದ ದಾಟ್ತಿದ್ದಾರೆ ಸಾರ್. ಈ ಲೆಕ್ಕ ಸರಿಯಲ್ಲ.”

“ಯಾಕೆ ಬೇರೆ ಕಡೆ ದಾಟ್ತಾರೆ?”

“ಗೊತ್ತಿಲ್ಲ ಸಾರ್,” ಎಂದೆ. ಕಾರಣ ಹೇಳಿದರೆ ಸೆಪ್ಟೆಂಬರಿನ ಕತೆ ಬಿಚ್ಚಬೇಕು. ಅವರೂ ಜನ ಒಪ್ಪಿಸಿದವರೇ. ಆ ದಿನಗಳಲ್ಲಿ ಅಂಥ ಮಾತಾಡಿದವನ ದಿನಗೂಲಿ ಮಾರನೆಯ ದಿನಕ್ಕೆ ಉಳಿಯುತ್ತಿರಲಿಲ್ಲ.

“ಹಾಗಾದರೆ ಅವರಿಗೆ ಸಂಕ ಬೇಡ ಅಂತಾಯ್ತು,” ಎಂದು ಅವರು ಒಳಗೆ ಹೋದರು.

ಸುಳ್ಳು ಗೀಟು ಹಾಕಬಹುದಿತ್ತು. ನಾಲ್ಕು ಸಾಲು ಎಳೆದಿದ್ದರೆ ಯಾರು ಕೇಳುತ್ತಿದ್ದರು? ಪರೀಕ್ಷೆಗೆ ಯಾರಾದರೂ ಬಂದರೆ ಎಂದು ಹೆದರಿ ಹಾಕಲಿಲ್ಲ. ನನ್ನ ಪ್ರಾಮಾಣಿಕತೆ ಎಂದು ಅದನ್ನೇ ಕೆಲವು ತಿಂಗಳು ಹೊಗಳಿಕೊಂಡೆ. ಅದು ಪುಕ್ಕಲುತನ, ಮತ್ತೇನಲ್ಲ. ಏಳು ದಿನದ ಮೊತ್ತ ನಲವತ್ತಮೂರು. ತೋಟದ ಕಡೆಯ ಹಳ್ಳದಲ್ಲಿ ಆರುನೂರರ ಮೇಲೆ. ಸಿಮೆಂಟಿನ ಸಂಕ ಅಲ್ಲಿಗೆ ಹೋಯಿತು.

ಮರುವರ್ಷ ಜುಲೈನಲ್ಲಿ ಒಣಮೀನಿನ ಬುಟ್ಟಿ ಹೊತ್ತ ನಾಗತ್ತಿಗೆ ಸಂಕದಿಂದ ಜಾರಿ ಕಲ್ಲಿನ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಜೀವ ಉಳಿಯಿತು, ಆದರೆ ಇನ್ನು ತಲೆಯ ಮೇಲೆ ಭಾರ ಹೊರುವ ಹಾಗಿಲ್ಲ ಎಂದರು ಡಾಕ್ಟರು. ಮೀನು ಮಾರುವವಳಿಗೆ ಅದಕ್ಕಿಂತ ದೊಡ್ಡ ಮಾತು ಯಾವುದಿದೆ?

ತಿಂಗಳು ಕಳೆದ ಮೇಲೆ ಧೈರ್ಯ ಮಾಡಿ ನೋಡಲು ಹೋದೆ. ಚಾಪೆಯ ಮೇಲೆ ಮಲಗಿದ್ದಳು. ಶನಿಯಾರಣ್ಣ ನನ್ನನ್ನು ಕಂಡು ಎದ್ದು ಹೊರಗೆ ಹೋದ. ನಾನು ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ: ಎಣಿಸಿದ್ದು ಯಾಕೆ, ಸಂಕ ತಪ್ಪಿದ್ದು ಹೇಗೆ, ನಾನು ಬಾಯಿ ಮುಚ್ಚಿಕೊಂಡದ್ದು ಯಾಕೆ. ಹೇಳುವಾಗ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

“ಒಟ್ಟು ನಲವತ್ಮೂರು ಅತ್ತಿಗೆ. ಅದ್ರಾಗೆ ಹದಿನಾಲ್ಕು ನಿಂದೇ.”

ಅವಳು ಲೆಕ್ಕ ಹಾಕುವವಳ ಹಾಗೆ ಮೇಲೆ ಮಾಡಿನ ಕಡೆ ನೋಡಿದಳು.

“ಒಂದೇ ಜನ ಎರಡು ಸಲ ದಾಟಿರೆ ಎರಡು ಗೀಟಾ?”

“ಹೌದು.”

“ನಂಗೊಬ್ಳಿಗಾರೂ ಹೇಳುಕಾತಿರ್ಲಿಲ್ವಾ ವೆಂಕಟ?” ಎಂದಳು. “ಬುಟ್ಟಿ ಕೆಳಗಿಟ್ಟು, ಹೊತ್ತು ಮುಳುಗೂ ತನ್ಕ ಆಚೆ ಈಚೆ ನಡೀತಿದ್ನಲ.”