ಬಿಳಿ ಗುಲಾಬಿಯ ಬಾರ್ಡರ್

ಅಪ್ಪನನ್ನು ಮಣ್ಣು ಮಾಡಿ ಒಂದು ವಾರವೂ ಆಗಿರಲಿಲ್ಲ, ಜೆನ್ನಿ ಸ್ಟುಡಿಯೋಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಕುವೆಂಪುನಗರದ ಆ ಸ್ಟುಡಿಯೋದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳನ್ನು ಎಡಿಟ್ ಮಾಡುವುದು ಅವಳ ಕೆಲಸ. ಅಪ್ಪನ ಅಂತ್ಯಕ್ರಿಯೆಯನ್ನು ಶೂಟ್ ಮಾಡಿದ್ದೂ ಅಲ್ಲಿನ ಮಾಲೀಕ ಯೋಗೇಂದ್ರನೇ. ದುಬೈಯಿಂದ ಬರಲಾಗದ ಸೋದರತ್ತೆಗೆ ಅದನ್ನು ಕಳಿಸಬೇಕಿತ್ತು.

"ಬೇರೆಯವ್ರ ಕೈಲಿ ಮಾಡಿಸ್ತೀನಿ ಬುಡಮ್ಮ," ಅಂದ ಯೋಗೇಂದ್ರ.

"ಬೇಡ ಸರ್, ನಾನೇ ಮಾಡ್ತೀನಿ."

ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಳು ಬಂದಿರಲಿಲ್ಲ, ಪೆಟ್ಟಿಗೆಯ ಮೇಲೆ ಮಣ್ಣು ಹಾಕುವಾಗಲೂ ಬಂದಿರಲಿಲ್ಲ. ಈಗ ಕ್ಯಾಮೆರಾ ಅಲುಗಾಡಿದ್ದ ಕಡೆ ಕತ್ತರಿಸಿದಳು, ಬಿಸಿಲು ಹೆಚ್ಚಾಗಿದ್ದ ಕಡೆ ಬೆಳಕು ತಗ್ಗಿಸಿದಳು. ಅಪ್ಪನ ಮುಖ ಪರದೆ ತುಂಬ ಬಂದಾಗಲೂ ಅವಳು ನೋಡಿದ್ದು ಬಣ್ಣ ಸರಿಯಿದೆಯೇ ಎಂದು.

ಪೆಟ್ಟಿಗೆಯನ್ನು ಸ್ಮಶಾನದೊಳಗೆ ಒಯ್ಯುವ ದೃಶ್ಯದಲ್ಲಿ, ಪರದೆಯ ಬಲತುದಿಯಲ್ಲಿ, ಗೇಟಿನಾಚೆ ಅಣ್ಣ ಡೇವಿಡ್ ನಿಂತಿದ್ದ. ಕೈಯಲ್ಲಿ ಹೆಲ್ಮೆಟ್ಟು. ಅವನು ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ. ಹಿಂದೊಮ್ಮೆ ಜಗಳದಲ್ಲಿ ಡೇವಿಡ್ ಅಪ್ಪನ ಮೇಲೆ ಕೈ ಎತ್ತಿದ್ದ. ನನ್ನ ಹೆಣದ ಹತ್ತಿರವೂ ಸುಳಿಯಬೇಡ ಎಂದು ಅಪ್ಪ ಅವನನ್ನು ಮನೆಯಿಂದಾಚೆ ಹಾಕಿದ್ದರು. ಅಲ್ಲಿಂದೀಚೆಗೆ ಅವನು ಕೆಸರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡು ಒಬ್ಬನೇ ಇದ್ದ.

ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ ಚಿಕ್ಕಪ್ಪ ಜ್ಞಾನಪ್ರಕಾಶ್ ಅವಳ ಬೆನ್ನ ಹಿಂದೆ ನಿಂತು ಆ ದೃಶ್ಯ ನೋಡಿದರು.

"ಗೇಟಲ್ಲಿ ನಾನೇ ತಡ್ದೆ ಕಣಮ್ಮ. ನಿಮ್ಮಪ್ಪನ ಮಾತು ಮೀರಕ್ಕಾಗ್ತದಾ? ಹೋಗು ಅಂತಂದು ತಿರುಗೂ ನೋಡ್ದಂಗೆ ಒಳಕ್ಕೆ ಬಂದ್ಬುಟ್ಟೆ. ಈಗ ನಿಮ್ಮತ್ತೆ ನೋಡಿದ್ರೆ ನೂರೆಂಟು ಕೇಳ್ತಾಳೆ. ಮದ್ವೆ ವಿಡಿಯೋಗೆಲ್ಲ ಹೂವಿನ ಬಾರ್ಡರ್ ಹಾಕ್ತೀಯಲ್ಲ, ಅಂಥದ್ದೊಂದು ಹಾಕು. ಮುಚ್ಚೋಗ್ತಾನೆ."

ಜೆನ್ನಿ ಬಿಳಿ ಗುಲಾಬಿಯ ಬಾರ್ಡರ್ ಆರಿಸಿದಳು. ಅರ್ಧ ಡೇವಿಡ್ ಮುಚ್ಚಿಹೋದ. ಇನ್ನಷ್ಟು ಅಗಲ ಮಾಡಿದಳು. ಪೂರ್ತಿ ಹೋದ. ಚಿಕ್ಕಪ್ಪ ತಲೆಯಾಡಿಸಿ ಹೊರಟರು.

ಸಂಜೆ ಮನೆಯಲ್ಲಿ ಅಮ್ಮ ರೋಸಮ್ಮ ಲ್ಯಾಪ್‌ಟಾಪಿನ ಮುಂದೆ ಜಪಸರ ಹಿಡಿದು ಕೂತರು. ಸ್ಮಶಾನದ ದೃಶ್ಯ ಬಂದಾಗ ಕೇಳಿದರು, "ಹೂವು ಯಾಕೆ ಇಷ್ಟೊಂದು ದಪ್ಪ?"

ಸುಳ್ಳು ಹುಡುಕಲೂ ಜೆನ್ನಿಗೆ ಮನಸ್ಸಾಗಲಿಲ್ಲ. "ಅದರಡಿ ಅಣ್ಣ ಇದ್ದಾನಮ್ಮ."

ಜಪಸರದ ಮೇಲಿನ ಬೆರಳು ನಿಂತಿತು. "ತೆಗಿ."

ಬಾರ್ಡರ್ ತೆಗೆದಳು. ಅಮ್ಮ ಮುಂದಕ್ಕೆ ಬಾಗಿ ನೋಡಿದರು. "ಸೊರಗೋಗಿದ್ದಾನೆ ಕಣೆ," ಅಂದರು. "ಹೂವು ಚೆನ್ನಾಗಿದೆ, ಇರ್ಲಿ. ಅವನೂ ಇರ್ಲಿ. ಹೆಂಗ್ ಮಾಡ್ತೀಯೋ ಮಾಡು."

ಜೆನ್ನಿ ಚಿತ್ರವನ್ನೇ ಕುಗ್ಗಿಸಿ ಬಾರ್ಡರಿನ ಒಳಗೆ ಕೂರಿಸಿದಳು. ಅಪ್ಪ, ಚರ್ಚಿನ ಫಾದರ್, ಮೇಣದಬತ್ತಿ ಹಿಡಿದ ಜನ, ಎಲ್ಲರೂ ಒಂದಿಷ್ಟು ಚಿಕ್ಕವರಾದರು. ಗೇಟಿನಾಚೆ ಡೇವಿಡ್ ಪೂರ್ತಿ ಕಂಡ.

ಮರುದಿನ ಚಿಕ್ಕಪ್ಪನನ್ನು ಕರೆದು ತೋರಿಸಿದಳು. ಬೈಯುತ್ತಾರೆ ಅಂದುಕೊಂಡಿದ್ದಳು. ಬೈಗುಳದ ಹೆದರಿಕೆಯೂ ಅವಳಿಗಿರಲಿಲ್ಲ. ಅವರು ಮುಖ ಗಂಟಿಕ್ಕಿಕೊಂಡೇ ಕೊನೆಯವರೆಗೆ ನೋಡಿದರು. ಜನ ಮಣ್ಣು ಹಾಕಿ ಹೊರಗೆ ಬಂದರು, ಸ್ಕೂಟರ್ ಹತ್ತಿ ಒಬ್ಬೊಬ್ಬರೇ ಹೋದರು. ಖಾಲಿಯಾದ ಗೇಟಿನ ಬದಿಯಲ್ಲಿ, ಅಷ್ಟು ಹೊತ್ತು ಜನರ ಮರೆಯಲ್ಲಿದ್ದ ಡೇವಿಡ್ ಹಾಗೇ ನಿಂತಿದ್ದ.

"ಹೊಂಟೋದ ಅಂದ್ಕೊಂಡಿದ್ದೆ ನಾನು," ಅಂದರು ಚಿಕ್ಕಪ್ಪ. "ಕೊನೇವರ್ಗೂ ಇದ್ನಾ?"

"ಇದ್ದ, ಚಿಕ್ಕಪ್ಪ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. "ಅವನ್ಗೂ ಒಂದು ಕಾಪಿ ಕೊಡು. ನಾನ್ ಹೇಳ್ದೆ ಅಂತ ಹೇಳು. ಬ್ಯಾಡ, ಏನೂ ಹೇಳ್ಬ್ಯಾಡ. ಸುಮ್ನೆ ಕೊಡು."

ಮಧ್ಯಾಹ್ನ ಜೆನ್ನಿ ಸ್ಕೂಟಿಯಲ್ಲಿ ಕೆಸರೆಗೆ ಹೋದಳು. ಡೇವಿಡ್ ಬೈಕೊಂದರ ಚೈನು ಬಿಚ್ಚುತ್ತ ಕೂತಿದ್ದ. ಅವಳನ್ನು ಕಂಡು ಎದ್ದು, ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಮಣ್ಣು ಮಾಡಿದ ದಿನದ ವಿಡಿಯೋ ಎಂದು ಅವಳು ಚಾಚಿದ ಪೆನ್‌ಡ್ರೈವ್ ತೆಗೆದುಕೊಂಡ.

"ಇದ್ರಲ್ಲಿ ಅಪ್ಪ ಕಾಣ್ತಾರಾ?"

"ಕಾಣ್ತಾರೆ. ಮುಖ ಚೆನ್ನಾಗಿ ಬಂದಿದೆ. ನೀನೂ ಇದ್ದೀಯ."

ಅವನು ಅಲ್ಲೇ ಟೈರುಗಳ ಮೇಲೆ ಕುಸಿದು ಕೂತು, ರಸ್ತೆಯವರು ತಿರುಗಿ ನೋಡುವ ಹಾಗೆ ಅತ್ತ. ಜೆನ್ನಿ ಅವನ ಹೆಗಲ ಮೇಲೆ ಕೈಯಿಟ್ಟಳು. ತನಗೂ ಈಗ ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಕೈಯನ್ನು ಮಾತ್ರ ತೆಗೆಯಲಿಲ್ಲ.

ಅಳು ನಿಂತ ಮೇಲೆ ಅವನು ಅವಳ ಮುಖ ನೋಡಿ ಕೇಳಿದ, "ಊಟ ಮಾಡಿದ್ಯಾ?"

ಯೋಚಿಸಿದಳು. ಬೆಳಿಗ್ಗೆ ಏನು ತಿಂದಿದ್ದು ಎಂಬುದೇ ನೆನಪಾಗಲಿಲ್ಲ. "ಇಲ್ಲ ಅನ್ಸುತ್ತೆ ಅಣ್ಣ."

ಅವನು ಷಟರ್ ಎಳೆದು, ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದ. ಇಬ್ಬರಿಗೂ ಅನ್ನ ಸಾರು ಹೇಳಿದ. ಎಲೆಗೆ ಬಡಿಸಿದ್ದನ್ನು ಜೆನ್ನಿ ಒಂದೊಂದೇ ತುತ್ತು ತಿನ್ನತೊಡಗಿದಳು.